ನಲವತ್ತೆರಡನೇ ಮನೆ

ಮೊಬೈಲು ಬಂದು ತುಮಕೂರಿನ ಎಸ್‌ಟಿಡಿ ಬೂತಿನವರ ಹೊಟ್ಟೆ ಮೇಲೆ ಹೊಡೆಯಿತು ಅಂತ ಊರೆಲ್ಲ ಮಾತಾಡಿಕೊಂಡಿತು. ರಹಿಮಾ ಬೀಯ ಹೊಟ್ಟೆಯ ಮೇಲೂ ಹೊಡೆಯಿತು ಅನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಆಕೆ ಹೇಳಿಕೊಳ್ಳಲೂ ಇಲ್ಲ.

ರಹಿಮಾ ಬೀಯ ಕಸುಬು ಕರೆಯುವುದು. ನಗಬೇಡಿ, ಅದೂ ಒಂದು ಕಸುಬೇ. ಗುಬ್ಬಿ ಗೇಟಿನ ಕಡೆಯ ಗಲ್ಲಿಗಳಿಂದ ಹಿಡಿದು ಶೆಟ್ಟಿಹಳ್ಳಿ ರೈಲ್ವೆ ಗೇಟಿನ ಆಚೆಯವರೆಗೆ ಯಾರ ಮನೆಯಲ್ಲಿ ಅರಿಶಿನ, ಮದುವೆ, ತೊಟ್ಟಿಲು ಏನೇ ಇದ್ದರೂ ಮನೆಮನೆಗೆ ಹೋಗಿ ಹೆಂಗಸರನ್ನು ಕರೆದು ಬರುವವಳು ಅವಳೇ. ಅಚ್ಚು ಹಾಕಿಸಿದ ಕಾರ್ಡು ಇರುತ್ತಿರಲಿಲ್ಲವೇ ಅಂದರೆ, ಇರುತ್ತಿತ್ತು. ಕಾರ್ಡು ಗಂಡಸರಿಗೆ. ಹೆಂಗಸರು ಕಾರ್ಡು ನೋಡಿ ಸೀರೆ ಉಡುವವರಲ್ಲ. ಆ ದಿನ ಬೆಳಿಗ್ಗೆ ಒಬ್ಬಳು ಬಾಗಿಲಿಗೆ ಬಂದು, ಬಾಯ್ತುಂಬ ಕರೆಯಬೇಕು. ಕರೆ ಬರದಿದ್ದರೆ ಒಡಹುಟ್ಟಿದವಳೂ ಹೊಸ್ತಿಲು ದಾಟುವುದಿಲ್ಲ. ರಹಿಮಾ ಬೀಯ ಕರೆಗೆ ಒಂದು ವರಸೆ ಇತ್ತು. ಒಬ್ಬರೇ ಬಂದರೆ ಸಾಕು ಅನ್ನುವ ಮನೆಗೆ "ನೀವು ಬರಬೇಕು" ಅಂತ ಇಷ್ಟೇ. ಇಡೀ ಮನೆಗೆ ಊಟ ಅಂದರೆ, "ಮನೆ ಮಂದಿಯೆಲ್ಲ ಬರಬೇಕು, ಒಲೆ ಹಚ್ಚಬಾರದು." ಆ ಒಲೆಯ ಮಾತು ಬಂತೋ ಇಲ್ಲವೋ ಅಂತ ಹೆಂಗಸರು ಕಿವಿ ನಿಮಿರಿಸಿಕೊಂಡು ಕೇಳುತ್ತಿದ್ದರು.

ಅವಳಿಗೆ ಓದು ಬರಹ ಬಾರದು. ಹುಟ್ಟಿದ್ದು ಗುಬ್ಬಿಯಲ್ಲಿ, ಹದಿನಾರಕ್ಕೆ ಮದುವೆಯಾಗಿ ತುಮಕೂರಿಗೆ ಬಂದವಳು. ಮಹಮ್ಮದ್ ಇಸ್ಮಾಯಿಲ್ ಸಾಹೇಬರ ಟ್ರಂಕಿನ ಅಂಗಡಿಯಲ್ಲಿ ಅವಳ ಗಂಡ ತಗಡು ಬಡಿಯುತ್ತಿದ್ದ. ಮಗಳು ತಹಸೀನ್ ಇನ್ನೂ ತೆವಳುತ್ತಿದ್ದಾಗ ಅವನು ಕಾಮಾಲೆಯಲ್ಲಿ ತೀರಿಕೊಂಡ. ಇಸ್ಮಾಯಿಲ್ ಅವರ ತಾಯಿಯೇ ಈ ಕೆಲಸ ಹಚ್ಚಿಕೊಟ್ಟದ್ದು. ಮನೆಗಳ ಲೆಕ್ಕ ತಪ್ಪದ ಹಾಗೆ ಒಂದು ಉಪಾಯವನ್ನೂ ಆ ಮುದುಕಿಯೇ ಕಲಿಸಿದ್ದಳು. ಎಷ್ಟು ಮನೆಯೋ ಅಷ್ಟು ಹುಣಿಸೆ ಬೀಜ ಸೆರಗಿನ ಒಂದು ಚುಂಗಿನಲ್ಲಿ ಕಟ್ಟಿಕೊಳ್ಳುವುದು. ಒಂದು ಮನೆ ಕರೆದಾದ ಮೇಲೆ ಒಂದು ಬೀಜ ಇನ್ನೊಂದು ಚುಂಗಿಗೆ. ತಿರುಗಿ ಬಂದಾಗ ಮೊದಲ ಚುಂಗು ಬರಿದಾಗಿರಬೇಕು. ಇಷ್ಟೇ ಅವಳ ವಿದ್ಯೆ. ಅದರಲ್ಲಿ ಅವಳು ಎಷ್ಟು ಪಕ್ಕಾ ಅಂದರೆ "ರಹಿಮಾ ಯಾವ ಮನೆಯನ್ನೂ ಬಿಡುವವಳಲ್ಲ" ಅನ್ನುವುದು ಆ ಬೀದಿಗಳಲ್ಲಿ ಗಾದೆಯೇ ಆಗಿಹೋಗಿತ್ತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ರಹಿಮಾ ಬೀ ತಲೆ ತಗ್ಗಿಸುತ್ತಿದ್ದಳು. ಜನ ವಿನಯ ಅಂದುಕೊಳ್ಳುತ್ತಿದ್ದರು.

ವಿನಯವೂ ಅಲ್ಲ, ಏನೂ ಅಲ್ಲ. ಒಂದು ಮನೆಯನ್ನು ಅವಳು ಬಿಟ್ಟಿದ್ದಳು.

ಎರಡು ಸಾವಿರದ ನಾಲ್ಕರ ಡಿಸೆಂಬರಿನಲ್ಲಿ ಇಸ್ಮಾಯಿಲ್ ಸಾಹೇಬರು ಹೇಳಿಕಳಿಸಿದರು. ಹಜ್ ಪಟ್ಟಿಯಲ್ಲಿ ಅವರ ಹೆಸರು ಬಂದಿತ್ತು. ಅಂಗಳದಲ್ಲಿ ಹೊಸ ಟ್ರಂಕು, ಅದರೊಳಗೆ ಬಿಳಿ ಬಟ್ಟೆ, ಉಪ್ಪಿನಕಾಯಿ ಡಬ್ಬ. ಸಾಹೇಬರ ಮುಖದಲ್ಲಿ ಮದುವೆ ಗಂಡಿನ ಕಳೆ.

"ಬಾ ರಹಿಮಾ. ಭಾನುವಾರ ಬೆಂಗಳೂರಿಂದ ವಿಮಾನ. ಶುಕ್ರವಾರ ಜುಮ್ಮಾ ನಮಾಜ್ ಆದ್ಮೇಲೆ ಮನೇಲಿ ದುಆ, ಊಟ. ನಾಳೆನೇ ಹೋಗಿ ಎಲ್ರಿಗೂ ಹೇಳ್ಬಿಡು."

"ಈಗೆಲ್ರ ಮನೇಲೂ ಫೋನ್ ಅವೆ ಭಾಯ್. ನನ್ನ ಯಾಕೆ ಅಲೆಸ್ತೀರಿ?"

"ಫೋನಲ್ಲಿ ಕರೆದ್ರೆ ಕರೆದಂಗಾಯ್ತಾ? ಹಜ್‌ಗೆ ಹೋಗೋನು ಎಲ್ರತ್ರಾನೂ ಮಾಫಿ ಕೇಳ್ಕೊಂಡು ಹೋಗ್ಬೇಕು. ನಲವತ್ತೆರಡು ಮನೆ. ಒಂದೂ ತಪ್ಪಬಾರ್ದು."

"ನಲವತ್ತೊಂದಲ್ವಾ ಭಾಯ್?" ಅಂದಳು ರಹಿಮಾ ಬೀ. ಹನ್ನೊಂದು ವರ್ಷದಿಂದ ಆ ಮನೆಯ ಪಟ್ಟಿ ನಲವತ್ತೊಂದೇ.

ಸಾಹೇಬರು ಗಡ್ಡ ಸವರಿಕೊಂಡರು. "ಇಲ್ಲ. ಆಪಾನೂ ಸೇರಿ ನಲವತ್ತೆರಡು. ಒಡಹುಟ್ಟಿದೋಳ ಕೂಡ ಮಾತು ಬಿಟ್ಕೊಂಡು ಹೋದ್ರೆ ನನ್ನ ಹಜ್ ಕಬೂಲ್ ಆಗುತ್ತಾ ಹೇಳು? ನಾನೇ ಹೋಗೋಣ ಅಂತ ಎರಡು ಸಲ ಗೇಟ್ ತನಕ ಹೋದೆ ಕಣೆ. ಕಾಲು ಬರ್ಲಿಲ್ಲ. ಅವತ್ತು ಬರ್ತೀನಿ ಅಂದೋಳು ಬರ್ಲಿಲ್ಲ. ಈಗ ಮುಖದ ಮೇಲೆ ಬಾಗಿಲು ಹಾಕಿದ್ರೆ? ನೀನು ಹೋಗು. ನಿನ್ನ ಮಾತಿಗೆ ಯಾರೂ ಇಲ್ಲ ಅನ್ನಲ್ಲ."

ರಹಿಮಾ ಬೀಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. "ಆಯ್ತು ಭಾಯ್" ಅಂದು ಎದ್ದು ಬಂದಳು.

ಏನು ನಡೆದಿತ್ತು ಅಂದರೆ, ತೊಂಬತ್ತಮೂರರ ಮೇ ತಿಂಗಳಲ್ಲಿ ಸಾಹೇಬರ ಮಗಳು ಅರ್ಶಿಯಾಗೆ ಮದುವೆ. ಗಂಡು ಕುಣಿಗಲ್ಲಿನವನು, ಕೆರೆ ಏರಿಯ ಹತ್ತಿರ ಬಟ್ಟೆ ಅಂಗಡಿ. ಸಾಹೇಬರ ಅಕ್ಕ ಜೈತೂನ್ ಬೀಗೆ ಆ ಹುಡುಗಿಯನ್ನು ತನ್ನ ಮಗನಿಗೆ ತಂದುಕೊಳ್ಳುವ ಆಸೆ ಇತ್ತು. ಆಗಲಿಲ್ಲ. ಒಂದಿಷ್ಟು ಮುಖ ಊದಿಸಿಕೊಂಡಿದ್ದಳು, ಆಮೇಲೆ ಸರಿಯಾಗಿದ್ದಳು. ಮದುಮಗಳಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ಅರಿಶಿನದ ದಿನ ಬೆಳಿಗ್ಗೆ ರಹಿಮಾ ಬೀ ನಲವತ್ತೆರಡು ಬೀಜ ಕಟ್ಟಿಕೊಂಡು ಹೊರಟಳು. ಜೈತೂನ್ ಬೀಯ ಮನೆ ಕೊನೆಯದು, ರೈಲ್ವೆ ಗೇಟಿನ ಆಚೆ. ರಹಿಮಾ ಬೀ ಗೇಟಿನಿಂದಲೇ ವಾಪಸು ಬಂದಳು.

ಸಾಹೇಬರು ಬಿರಿಯಾನಿ ಹಂಡೆಗಳ ನಡುವೆ ನಿಂತು ಕೂಗಿ ಕೇಳಿದರು, "ಆಪಾಗೆ ಹೇಳಿದ್ಯಾ?"

"ಹೇಳ್ದೆ ಭಾಯ್. ಬರ್ತೀನಿ ಅಂದ್ರು."

ಮಧ್ಯಾಹ್ನವಾಯಿತು, ಸಂಜೆಯಾಯಿತು. ಅರ್ಶಿಯಾ ಹಳದಿ ಬಟ್ಟೆ ಉಟ್ಟು ಮಣೆಯ ಮೇಲೆ ಕೂತು ಕೂತು ಸೊಂಟ ಹಿಡಿದು ಅತ್ತಳು. ಯಾರಾದರೂ ಹೋಗಿ ನೋಡಿ ಬರಲಿ ಅಂದದ್ದಕ್ಕೆ ಸಾಹೇಬರ ಸಿಟ್ಟು ನೆತ್ತಿಗೇರಿತು. "ಕರೆದ ಮೇಲೂ ಬರದಿದ್ರೆ ಪಲ್ಲಕ್ಕಿ ಕಳಿಸ್ಬೇಕಾ? ಹುಡುಗಿ ಕೊಡ್ಲಿಲ್ಲ ಅಂತ ಈ ಸೊಕ್ಕು!" ಮೊದಲ ಅರಿಶಿನವನ್ನು ಬೇರೆ ಯಾರೋ ಹಚ್ಚಿದರು. ಮರುದಿನ ಮದುವೆಗೂ ಜೈತೂನ್ ಬೀ ಬರಲಿಲ್ಲ. ಅಷ್ಟೇ. ಅಕ್ಕ ತಮ್ಮ ಹನ್ನೊಂದು ವರ್ಷ ಮಾತಾಡಲಿಲ್ಲ. ತೊಂಬತ್ತೊಂಬತ್ತರಲ್ಲಿ ಜೈತೂನ್ ಬೀಯ ಗಂಡ ತೀರಿಕೊಂಡಾಗ ಸಾಹೇಬರು ಹೋದರು, ಹೊಂಗೆ ಮರದ ಕೆಳಗೆ ಗಂಡಸರ ಜೊತೆ ನಿಂತರು, ಹೆಗಲು ಕೊಟ್ಟರು, ಅಕ್ಕನ ಹೊಸ್ತಿಲು ತುಳಿಯದೆ ಖಬರಸ್ತಾನಿನಿಂದ ಹಾಗೇ ಮನೆಗೆ ಬಂದರು. ಆ ದಿನ ಹೆಂಗಸರ ಗುಂಪಿನಲ್ಲಿ ರಹಿಮಾ ಬೀಯೂ ಇದ್ದಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಬಂದವರಿಗೆ ನೀರು ಕೊಟ್ಟುಕೊಂಡು ಓಡಾಡಿ ಹಾಗೇ ಮನೆಗೆ ಬಂದಳು.

ಗುರುವಾರ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಕೂತು ಬೀಜ ಎಣಿಸಿದಳು. ನಲವತ್ತೊಂದಕ್ಕೆ ಕೈ ನಿಂತಿತು. ಇನ್ನೊಂದನ್ನು ತೆಗೆದುಕೊಂಡು ಗಂಟು ಹಾಕಿದಳು.

ಹಾದಿ ಅದೇ. ಕಣ್ಣು ಕಟ್ಟಿ ಬಿಟ್ಟರೂ ನಡೆಯಬಲ್ಲಳು, ಆದರೆ ಹಾದಿಯ ಗುರುತುಗಳು ಎಲ್ಲಿ ಉಳಿದಿವೆ? ಗಲ್ಲಿಯ ಬಾಯಲ್ಲಿದ್ದ ನಲ್ಲಿಕಟ್ಟೆಯ ಜಾಗದಲ್ಲಿ ನಗರಸಭೆಯವರ ಕಪ್ಪು ಟ್ಯಾಂಕು. ಸೀಮೆಎಣ್ಣೆ ಡಿಪೋ ಇದ್ದಲ್ಲಿ ಈಗ ಮೊಬೈಲ್ ಕರೆನ್ಸಿ ಮಾರುತ್ತಾರೆ. ಹಿಟ್ಟಿನ ಗಿರಣಿ ಮಾತ್ರ ಹಾಗೇ ಇದೆ, ಅದರ ಬಾಗಿಲಲ್ಲಿ ರಾಗಿ ಚೀಲದ ಮೇಲೆ ಕೂತು ತೂಕಡಿಸುವ ಮುದುಕ ಮಾತ್ರ ಬೇರೆ. ಮನೆಗಳನ್ನು ಅವಳು ಹೆಸರಿನಿಂದ ಗುರುತಿಟ್ಟವಳಲ್ಲ. ಮುರಿದ ಮೆಟ್ಟಿಲ ಮನೆ, ನುಗ್ಗೆಮರದ ಮನೆ, ನೀಲಿ ಗೇಟಿನ ಮನೆ, ಆಡು ಕಟ್ಟಿದ ಮನೆ. ಮುರಿದ ಮೆಟ್ಟಿಲಿಗೆ ಗ್ರಾನೈಟ್ ಹಾಕಿಸಿದ್ದರು. ನುಗ್ಗೆಮರ ಹೋಗಿ ಮೂರಂತಸ್ತು ಎದ್ದಿತ್ತು. ಆದರೂ ಅವಳ ಕಾಲು ಆಯಾ ಜಾಗ ಬಂದ ಕೂಡಲೇ ತಾನೇ ನಿಲ್ಲುತ್ತಿತ್ತು.

"ಇಸ್ಮಾಯಿಲ್ ಸಾಹೇಬರ ಮನೇಲಿ ದುಆ. ಮನೆ ಮಂದಿಯೆಲ್ಲ ಬರಬೇಕು, ಒಲೆ ಹಚ್ಚಬಾರದು."

ಒಂದು ಬೀಜ ಆಚೆಯಿಂದ ಈಚೆಗೆ. ಮತ್ತೊಂದು.

ಹೋದ ಮನೆಯಲ್ಲೆಲ್ಲ ಅದೇ ಪ್ರಶ್ನೆ, "ಆಪಾನ್ನೂ ಕರೀತಾರಾ?" ಕೆಲವರು ದನಿ ತಗ್ಗಿಸಿ ಕೇಳಿದರು, ಕೆಲವರು ಬಾಯಿ ಚಪ್ಪರಿಸಿ ಕೇಳಿದರು. ಹದಿನೇಳನೇ ಮನೆಯ ಹೆಂಗಸು ತನ್ನ ಸೊಸೆಗೆ ವಿವರಿಸಿಯೂ ಹೇಳಿದಳು, "ಗೇಟ್ ಆಚೆ ಇದಾಳಲ್ಲ, ತಮ್ಮನ ಮಗಳ ಅರಿಶಿನಕ್ಕೆ ಬರ್ತೀನಿ ಅಂತ ಹೇಳಿ ಕೈ ಕೊಟ್ಟೋಳು. ಕೇಳು, ಈ ರಹಿಮಾ ಖಾಲಾನೇ ಕರೆದಿದ್ದು." ಸೊಸೆ ರಹಿಮಾ ಬೀಯ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ರಹಿಮಾ ಬೀ ಸೆರಗು ಸರಿಪಡಿಸಿಕೊಂಡಳು.

ಮಂಡಿಪೇಟೆಯ ಬೆನ್ನಿಗೆ ಹುಣಿಸೆಹಣ್ಣಿನ ಗೋಡೌನು ಬಂತು. ಹುಳಿ ವಾಸನೆ ಹೊಡೆದದ್ದೇ ಅವಳ ನಡಿಗೆ ನಿಧಾನವಾಯಿತು. ಹನ್ನೊಂದು ವರ್ಷದಲ್ಲಿ ಈ ಹಾದಿಯನ್ನು ಅವಳು ಎಷ್ಟೋ ಸಲ ತುಳಿದಿದ್ದಳು, ಆದರೆ ಸಾವಿನ ಆ ಒಂದು ದಿನ ಬಿಟ್ಟರೆ ಗೇಟು ದಾಟಿರಲಿಲ್ಲ, ಯಾರ ಮನೆಯ ಕರೆಯಿದ್ದರೂ ಆಚೆಗೆ ಮಾತ್ರ ಏನಾದರೊಂದು ನೆಪ ಹೇಳಿ ಬೇರೆಯವರನ್ನು ಕಳಿಸುತ್ತಿದ್ದಳು. ಮಂಡಿನೋವು ಅನ್ನುತ್ತಿದ್ದಳು. ಮಂಡಿನೋವು ಗೇಟಿನ ಈಚೆಗೂ ಇರಬೇಕಲ್ಲ ಅಂತ ಯಾರೂ ಕೇಳಲಿಲ್ಲ.

ನಲವತ್ತೊಂದನೇ ಮನೆ ಕಲ್ಲಮ್ಮನದು, ಗೇಟಿಗೆ ಮೊದಲಿನ ತಿರುವಿನಲ್ಲಿ. ಗಂಡ ಮಹಾಲಿಂಗಯ್ಯನವರು ಕೊಬ್ಬರಿ ವ್ಯಾಪಾರಿ, ಸಾಹೇಬರಿಗೆ ಹಳೆಯ ದೋಸ್ತಿ. ಕಲ್ಲಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ಬಾ ರಹಿಮಕ್ಕಾ, ಬಾ. ನೀನು ಬರದೇ ಎಷ್ಟು ದಿನ ಆಯ್ತು. ನಾವೂ ಅರಿಶಿನ ಕುಂಕುಮಕ್ಕೆ ಈಗ ಫೋನಲ್ಲೇ ಕರಿಯೋದು. ಒಂದು ಚೆಂದವಾ, ಏನಾ." ಮಜ್ಜಿಗೆ ತಂದುಕೊಟ್ಟು ಕೇಳಿದಳು, "ಆಚೆಗೂ ಹೋಗ್ತೀಯಾ? ಹೋಗ್ಬ್ಯಾಡ ಬುಡು. ಆಯಮ್ಮಂದು ಕಲ್ಲೆದೆ. ಆ ಮಗೀನ ಅರಿಶಿನಕ್ಕೇ ಬರ್ದೋಳು ಈಗ ಬತ್ತಾಳಾ?"

ರಹಿಮಾ ಬೀ ಮಜ್ಜಿಗೆ ಲೋಟ ಕೆಳಗಿಟ್ಟಳು. ಹನ್ನೊಂದು ವರ್ಷದ ಹಿಂದೆಯೂ ಇದೇ ಜಗುಲಿ, ಇದೇ ಮಜ್ಜಿಗೆ.

"ಅವರನ್ನ ಅನ್ಬೇಡಿ ಕಲ್ಲಮ್ಮಕ್ಕಾ" ಅಂದಳು. ಅಷ್ಟೇ ಹೇಳಿ ಎದ್ದು ಹೊರಟಳು.

ತಿರುವು ದಾಟಿದರೆ ಗೇಟು. ಹಾಕಿತ್ತು. ಸ್ಕೂಟರು, ಆಟೊ, ಹೆಬ್ಬೂರಿನ ಹಾಲಿನ ವ್ಯಾನು, ಎಲ್ಲ ಸಾಲಾಗಿ ನಿಂತಿದ್ದವು. ಇಲ್ಲಿ ಕೆಳಗಡೆ ಸುರಂಗದ ಹಾಗೆ ರಸ್ತೆ ಮಾಡುತ್ತಾರಂತೆ, ಗೇಟೇ ಇರುವುದಿಲ್ಲವಂತೆ ಅಂತ ಯಾರೋ ಮಾತಾಡುತ್ತಿದ್ದರು. ರಹಿಮಾ ಬೀ ಕಲ್ಲುಕಂಬದ ಪಕ್ಕ ನಿಂತಳು. ಆವತ್ತು ನಿಂತದ್ದೂ ಅಲ್ಲೇ.

ತನಗೆ ತಾನು ಅವಳು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆ ಏನೆಂದರೆ, ಅವತ್ತು ಗೂಡ್ಸ್ ಗಾಡಿ ನಿಂತಿತ್ತು, ಗೇಟು ತೆಗೆಯಲೇ ಇಲ್ಲ, ನೆತ್ತಿ ಸುಡುವ ಬಿಸಿಲು, ಸ್ವಂತ ಅಕ್ಕನನ್ನು ಕರೆಯುವುದೇನು ಬಂತು ತಾನಾಗಿಯೇ ಬರುತ್ತಾಳೆ ಅಂತ ವಾಪಸಾದೆ. ಈ ಕಥೆಯನ್ನು ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಅವಳೇ ನಂಬಿಬಿಟ್ಟಿದ್ದಳು. ಈಗ ಅದೇ ಕಂಬ ಹಿಡಿದು ನಿಂತಿರುವಾಗ ಗಾಡಿ ಹೋಯಿತು, ಗಂಟೆ ಹೊಡೆಯಿತು, ಗೇಟು ಮೇಲೆದ್ದಿತು. ಹಾಗೆ ಏಳುವುದನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ನೆನಪಾಯಿತು. ಅವತ್ತೂ ಗೇಟು ತೆಗೆದಿತ್ತು. ಅವಳ ಕಣ್ಣೆದುರಿಗೇ ತೆಗೆದಿತ್ತು. ಜನ ದಾಟಿದರು, ಅವಳು ದಾಟಲಿಲ್ಲ.

ದಾಟದೇ ಇದ್ದದ್ದು ಸಕ್ಕರೆಗಾಗಿ. ಹೂಂ, ಸಕ್ಕರೆಗೆ. ಅದಕ್ಕೆ ಎರಡು ತಿಂಗಳ ಮುಂಚೆ ಒಂದು ತೊಟ್ಟಿಲ ಮನೆಯಲ್ಲಿ ಹತ್ತಿಪ್ಪತ್ತು ಹೆಂಗಸರ ಮುಂದೆ ಜೈತೂನ್ ಬೀ ತಮಾಷೆ ಮಾಡಿದ್ದಳು, "ರಹಿಮಾ ಕರೆಯೋಕೆ ಬಂದ್ಲು ಅಂದ್ರೆ ಮೊದ್ಲು ಸಕ್ಕರೆ ಡಬ್ಬ ಬಚ್ಚಿಡ್ರಮ್ಮಾ, ನಾಲ್ಕು ಚಮಚ ಹಾಕಿದ್ರೂ ಇನ್ನೊಂದು ಅಂತಾಳೆ." ಎಲ್ಲರೂ ನಕ್ಕಿದ್ದರು. ರಹಿಮಾ ಬೀಯೂ ನಕ್ಕಿದ್ದಳು. ಆದರೆ ಮನೆಯಲ್ಲಿ ಸಕ್ಕರೆ ತರಲು ಗತಿಯಿಲ್ಲದವಳಿಗೆ ಆ ನಗು ಒಳಗೆಲ್ಲೋ ಚುಚ್ಚಿ ಉಳಿದಿತ್ತು. ಗೇಟು ಎದ್ದಾಗ ಅವಳ ಮನಸ್ಸು ಹೇಳಿದ್ದು ಇಷ್ಟು: ಒಂದು ದಿನ ಕಾಯಲಿ ಅವಳೂ. ಕರೆಗೆ ಕಾದು ಕೂರುವುದು ಹೇಗಿರುತ್ತೆ ಅಂತ ಗೊತ್ತಾಗಲಿ. ಉಳಿದ ಒಂದು ಬೀಜವನ್ನು ಹಳಿಯ ಜಲ್ಲಿಕಲ್ಲಿಗೆ ಎಸೆದು, ಬರಿದಾದ ಚುಂಗು ಬೀಸಿಕೊಂಡು ತಿರುಗಿದ್ದಳು. ಸಂಜೆಯೊಳಗೆ ಹೇಗೋ ಬಂದೇ ಬರುತ್ತಾಳೆ, ಆಮೇಲೆ ಏನಾದರೊಂದು ಹೇಳಿದರಾಯಿತು ಅಂದುಕೊಂಡಿದ್ದಳು. ಥೂ, ಎಂಥ ಕ್ಷುಲ್ಲಕ ಹೆಂಗಸು ನಾನು, ಅನ್ನಿಸಿತು ಅವಳಿಗೆ.

ಹಳಿ ದಾಟಿದಳು.

ಜೈತೂನ್ ಬೀ ಬಾಗಿಲ ಬಳಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಕಾಲು ಊದಿತ್ತು. ಕಣ್ಣ ಮೇಲೆ ಕೈ ಅಡ್ಡ ಹಿಡಿದು ನೋಡಿದಳು.

"ಯಾರು? ರಹಿಮಾನಾ?" ಮೊರ ಕೆಳಗಿಟ್ಟು ಎದ್ದಳು. "ಬಾ, ಒಳಗ್ ಬಾ. ನನ್ ಮಗ ಜುಲ್ಫಿಕರ್ ಅಂಗಡಿಗೆ ಹೋಗವ್ನೆ. ಕೂತ್ಕೊ, ಚಾ ಇಡ್ತೀನಿ."

ಬೇಡ ಅಂದರೂ ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಚಾ ಮಾಡಿ ತಂದಳು. ಜೊತೆಗೆ ಸಕ್ಕರೆ ಡಬ್ಬವನ್ನೇ ತಂದು, ರಹಿಮಾ ಬೀಯ ಲೋಟಕ್ಕೆ ಒಂದು, ಎರಡು, ಮೂರು, ನಾಲ್ಕು ಚಮಚ ಹಾಕಿ ಕದಡಿದಳು. "ನಿಂಗೆ ಜಾಸ್ತಿ ಬೇಕು ಅಲ್ವಾ. ನಂಗ್ ನೆನಪಿದೆ" ಅಂದಳು. ಕುಹಕ ಎಳ್ಳಷ್ಟೂ ಇರಲಿಲ್ಲ.

ರಹಿಮಾ ಬೀ ಲೋಟ ಹಿಡಿದುಕೊಂಡಳು, ತುಟಿಗೆ ತರಲಾಗಲಿಲ್ಲ. ಒಂದೇ ಉಸಿರಿಗೆ ಹೇಳಿದಳು, "ಆಪಾ, ಭಾಯ್ ಹಜ್‌ಗೆ ಹೋಗ್ತಾವ್ರೆ. ನಾಳೆ ದುಆ. ಮನೆ ಮಂದಿಯೆಲ್ಲ ಬರಬೇಕು, ಒಲೆ ಹಚ್ಚಬಾರದು."

ಜೈತೂನ್ ಬೀ ಸಕ್ಕರೆ ಡಬ್ಬದ ಮುಚ್ಚಳ ಹಾಕಿದಳು. ಆಮೇಲೆ ಕೇಳಿದಳು, "ಅವನೇ ಹೇಳಿದ್ನಾ? ಗೇಟ್ ದಾಟು ಅಂತ ಅವನೇ ಹೇಳಿದ್ನಾ?"

"ಹೂಂ ಆಪಾ. ಯಾಕೆ ಹಂಗ್ ಕೇಳ್ತೀರಿ?"

"ಅವತ್ತು ದಾಟ್ಬೇಡ ಅಂದಿದ್ನಲ್ಲ, ಅದಕ್ಕೆ ಕೇಳ್ದೆ." ಜೈತೂನ್ ಬೀ ಬಾಗಿಲಿನಾಚೆ ಕೈ ತೋರಿಸಿದಳು. ಅಲ್ಲಿಂದ ಹಳಿ, ಗೇಟು, ಕಲ್ಲುಕಂಬ ಎಲ್ಲ ಕಾಣುತ್ತಿತ್ತು. "ಅರಿಶಿನದ ದಿನ ಬೆಳಿಗ್ಗೇನೇ ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಇಲ್ಲೇ ನಿಂತಿದ್ದೆ. ನೀನು ಬಂದಿದ್ದು ಕಂಡೆ. ಗೇಟ್ ತೆಗೀತು. ನೀನು ನಿಂತಿದ್ದೋಳು ತಿರುಗಿ ಹೋದೆ. ನಂಗೆ ಜೀವ ಝಲ್ಲಂತು. ರಹಿಮಾ ಯಾವ ಮನೆನೂ ಬಿಡೋಳಲ್ಲ, ಹಂಗಿದ್ರೆ ಇಸ್ಮಾಯಿಲ್ಲೇ ಹೇಳಿರ್ಬೇಕು, ಗೇಟ್ ಆಚೆಗೆ ಹೋಗ್ಬೇಡ ಅಂತ. ಹಂಗೇ ತಿಳ್ಕೊಂಡೆ. ನಿನ್ಮೇಲೆ ಒಂದಿನಾನೂ ಬೇಜಾರಾಗ್ಲಿಲ್ಲ ಕಣೆ. ಪಾಪ, ಹೇಳಿದ್ದು ಮಾಡೋಳು ನೀನು."

ಬೈಗುಳ ಕೇಳಲು ರಹಿಮಾ ಬೀ ತಯಾರಾಗಿ ಬಂದಿದ್ದಳು. ಈ "ಪಾಪ"ಕ್ಕೆ ತಯಾರಾಗಿರಲಿಲ್ಲ. ತನ್ನ ಒಳ್ಳೆಯ ಹೆಸರೇ ಅಕ್ಕ ತಮ್ಮನ ನಡುವೆ ಗೋಡೆ ಎಬ್ಬಿಸಿತ್ತು. ತಾನು ಸೋಮಾರಿ ಅಂತಲೋ ಸುಳ್ಳಿ ಅಂತಲೋ ಊರಿಗೆ ಗೊತ್ತಿದ್ದಿದ್ದರೆ ಯಾರಾದರೊಬ್ಬರು ತನ್ನನ್ನೇ ಹಿಡಿದು ಕೇಳುತ್ತಿದ್ದರು, ಅವತ್ತೇ ಸರಿಹೋಗುತ್ತಿತ್ತು. ಚಾ ಲೋಟವನ್ನು ಕೆಳಗಿಟ್ಟಳು.

"ಭಾಯ್ ಹೇಳಿರ್ಲಿಲ್ಲ ಆಪಾ" ಅಂದಳು. "ನಾನೇ ಬರ್ಲಿಲ್ಲ. ಕರೆದೆ, ಬರ್ತೀನಿ ಅಂದ್ರು ಅಂತ ಅವ್ರಿಗೆ ಸುಳ್ಳು ಹೇಳ್ದೆ. ಅವ್ರು ಸಂಜೆ ತನಕ ನಿಮಗೆ ಕಾದ್ರು."

"ಯಾಕೆ?" ಅಂದಳು ಜೈತೂನ್ ಬೀ.

ಯಾಕೆ ಅಂತ ಹೇಳುವುದೇ ಎಲ್ಲಕ್ಕಿಂತ ನಾಚಿಕೆಗೇಡು. ರಹಿಮಾ ಬೀ ನೆಲ ನೋಡಿಕೊಂಡು ಸಕ್ಕರೆಯ ಮಾತು ಹೇಳಿದಳು. ತೊಟ್ಟಿಲ ಮನೆ, ನಾಲ್ಕು ಚಮಚ, ಹೆಂಗಸರ ನಗು.

"ನಾನ್ ಹಂಗಂದಿದ್ನಾ?" ಅಂದಳು ಜೈತೂನ್ ಬೀ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ಸ್ವಲ್ಪ ಹೊತ್ತು ಎದುರಿಗಿದ್ದ ಡಬ್ಬವನ್ನೇ ನೋಡಿದಳು. ಆಮೇಲೆ ಅವಳ ದನಿ ಏರಿತು. "ಸಕ್ಕರೆಗಾ? ನನ್ನ ಗಂಡ ಸತ್ತ ದಿನ ನನ್ನ ತಮ್ಮ ಬೀದೀಲಿ ನಿಂತು ಹೋದ. ಅರ್ಶಿಯಾ ಮೂರು ಮಕ್ಕಳು ಹಡೆದ್ಲು, ಒಂದನ್ನೂ ನಾನು ಎತ್ಕೊಳ್ಲಿಲ್ಲ. ಸಕ್ಕರೆಗಾ ರಹಿಮಾ? ನನ್ನ ಮುಖಕ್ಕೆ ಹೊಡೆದಂಗೆ ಅವತ್ತೇ ಅಂದಿದ್ರೆ ಇಡೀ ಮೂಟೆ ನಿನ್ ತಲೆ ಮೇಲೆ ಹೊರಿಸಿ ಕಳಿಸ್ತಿದ್ನಲ್ಲೇ!"

ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಬೈದಳು. ರಹಿಮಾ ಬೀ ಕಾಲು ಹಿಡಿಯಲು ಹೋದರೆ ಕಾಲು ಎಳೆದುಕೊಂಡಳು.

"ಏಳು. ನನ್ ಕಾಲು ಹಿಡಿದ್ರೆ ಮುಗಿಯಲ್ಲ ಇದು. ಆ ಬೀದಿ ಪೂರ್ತಿ ನನ್ನ ಕಲ್ಲೆದೆಯೋಳು, ಸೊಕ್ಕಿನೋಳು ಅಂತದೆ, ನಂಗೇನ್ ಗೊತ್ತಿಲ್ವಾ? ಯಾವ್ಯಾವ ಮನೆಗೆ ಕರೆಯೋಕೆ ಹೋದ್ಯೋ ಆ ಮನೆಗೆಲ್ಲ ಇದನ್ನ ಹೇಳ್ಕೊಂಡು ಹೋಗು. ಒಂದೂ ಬಿಡ್ಬೇಡ. ಕೊನೆಗೆ ಅವನಿಗೆ ಹೇಳು. ಆಮೇಲೆ ಬರೋದು ಬಿಡೋದು ನೋಡೋಣ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ರಹಿಮಾ ಬೀಯ ಮಾನ ಹೋದದ್ದು ನಾಲ್ಕು ಚಮಚ ಸಕ್ಕರೆಗೆ, ಅದೂ ಬಾಗಿಲು ಬಾಗಿಲಿಗೆ ತಾನೇ ಹೊತ್ತುಕೊಂಡು ಹೋಗಿ ಕಳೆದುಕೊಂಡು ಬರಬೇಕಾಯಿತು. ಗೇಟು ದಾಟಿ ಮೊದಲು ಕಲ್ಲಮ್ಮನ ಜಗುಲಿ.

"ಕಲ್ಲಮ್ಮಕ್ಕಾ, ಆಪಾಂದು ತಪ್ಪಿಲ್ಲ. ಅವತ್ತು ನಾನು ಕರೀಲೇ ಇಲ್ಲ. ನಾನೇ ಸುಳ್ಳು ಹೇಳಿದ್ದು."

ಕಲ್ಲಮ್ಮನ ಕೈಯ ಅವರೆಕಾಯಿ ಹಾಗೇ ನಿಂತಿತು. "ಅಯ್ಯೋ ಶಿವನೇ! ಹನ್ನೊಂದು ವರ್ಷದಿಂದ ಆಯಮ್ಮನ್ನ ಆಡ್ಕೊಂಡು ಕೂತಿದ್ನಲ್ಲೇ ನಾನು! ನನ್ ಬಾಯಲ್ಲೂ ಪಾಪ ಮಾಡಿಸ್ದಲ್ಲೇ ರಹಿಮಕ್ಕಾ!" ಅಂದಳು. ಮಜ್ಜಿಗೆ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು, ತಿರುಗಿ ಬರಲಿಲ್ಲ.

ಬೀಜಗಳು ಈಗ ಈಚೆಯಿಂದ ಆಚೆಗೆ. ಹುಣಿಸೆ ಗೋಡೌನು, ನೀಲಿ ಗೇಟು, ನುಗ್ಗೆಮರವಿದ್ದ ಜಾಗ. ಬೆಳಿಗ್ಗೆ ಕರೆದು ಹೋದವಳು ಮಧ್ಯಾಹ್ನ ಮತ್ತೆ ಬಂದದ್ದು ನೋಡಿ ಕೆಲವರು ದುಆ ಮುಂದಕ್ಕೆ ಹೋಯಿತೇನೋ ಅಂದುಕೊಂಡರು. ಅವಳು ಒಂದೇ ಮಾತು ಹೇಳಿ, ಬೈಸಿಕೊಳ್ಳುವಷ್ಟು ಬೈಸಿಕೊಂಡು, ಮುಂದಿನ ಮನೆಗೆ ಹೋಗುತ್ತಿದ್ದಳು. ಒಬ್ಬಳು "ಹೋಗ್ಲಿ ಬಿಡು, ಹಳೇ ಮಾತು" ಅಂದಳು. ಒಬ್ಬಳು ಮುಖದ ಮೇಲೆಯೇ ಬಾಗಿಲು ಹಾಕಿದಳು. ಇನ್ನೊಬ್ಬಳು ನಕ್ಕುಬಿಟ್ಟಳು, "ಸಕ್ಕರೆಗಂತೆ!" ಅಂತ. ಅದು ಎಲ್ಲಕ್ಕಿಂತ ಉರಿಯಿತು. ಹದಿನೇಳನೇ ಮನೆಯ ಸೊಸೆ ಮಾತ್ರ ಏನೂ ಅನ್ನದೆ ನೀರು ತಂದುಕೊಟ್ಟಳು. ರಹಿಮಾ ಬೀ ಬಾಗಿಲಲ್ಲೇ ಕೂತು ಕುಡಿದಳು. ಕಾಲು ಸೇದುತ್ತಿತ್ತು. ಈಗ ಮಂಡಿನೋವು ನಿಜವಾಗಿಯೂ ಬಂದಿತ್ತು.

ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಸಾಹೇಬರ ಮನೆ ಬಂತು. ಕುಣಿಗಲ್ಲಿನಿಂದ ಅರ್ಶಿಯಾ ಬಂದಿದ್ದಳು, ಮಕ್ಕಳು ಟ್ರಂಕಿನ ಮೇಲೆ ಹತ್ತಿ ಕುಣಿಯುತ್ತಿದ್ದವು. ಸಾಹೇಬರು ಅಂಗಳದಲ್ಲಿ ಹಂಡೆಗಳನ್ನು ಇಳಿಸಿಕೊಳ್ಳುತ್ತಿದ್ದರು. ಇವಳನ್ನು ನೋಡಿ ಕೂಗಿದರು.

"ಆಪಾಗೆ ಹೇಳಿದ್ಯಾ?"

ಅದೇ ಮಾತು, ಅದೇ ದನಿ, ಅದೇ ಹಂಡೆಗಳು. ರಹಿಮಾ ಬೀ ಹತ್ತಿರ ಹೋದಳು. ಹನ್ನೊಂದು ವರ್ಷದ ಹಿಂದೆ ದೂರದಿಂದಲೇ ಉತ್ತರ ಕೊಟ್ಟಿದ್ದಳು.

"ಇವತ್ತು ಹೇಳ್ದೆ ಭಾಯ್. ಅವತ್ತು ಹೇಳಿರ್ಲಿಲ್ಲ."

ಎಲ್ಲವನ್ನೂ ಹೇಳಿದಳು, ಸಕ್ಕರೆಯನ್ನೂ ಬಿಡದೆ. ಹಂಡೆ ಇಳಿಸುತ್ತಿದ್ದ ಆಳುಗಳು ನಿಂತುಬಿಟ್ಟರು. ಅರ್ಶಿಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಹೇಬರು ಹಂಡೆಯ ಅಂಚು ಹಿಡಿದು ಕೂತರು.

"ಹಜ್‌ಗೆ ಹೋಗೋನು ಮಾಫ್ ಮಾಡ್ದೆ ಅನ್ಬೇಕು. ಊರಿಗೆಲ್ಲ ಮಾಫಿ ಕೇಳೋಕೆ ಹೊರಟೋನು ನಾನು. ಆದ್ರೆ ಇವತ್ತು ಆ ಮಾತು ಬಾಯಿಗೆ ಬರ್ತಿಲ್ಲ ರಹಿಮಾ. ನೀನು ಮನೆಗ್ ಹೋಗು."

ಹಾಗಂದು ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ರೈಲ್ವೆ ಗೇಟಿನ ಕಡೆಗೆ ನಡೆದೇ ಹೊರಟರು. ಹಿಂದಿನಿಂದ ಅರ್ಶಿಯಾ ಚಪ್ಪಲಿ ಹಿಡಿದುಕೊಂಡು ಓಡಿದಳು.

ಆ ರಾತ್ರಿ ರಹಿಮಾ ಬೀ ಉಣ್ಣಲಿಲ್ಲ. ಶುಕ್ರವಾರ ಬೆಳಗಾಯಿತು. ಮಗಳು ತಹಸೀನ್ ಕೇಳಿದಳು, "ಅಮ್ಮಾ, ದುಆಗೆ ಹೋಗಲ್ವಾ?" ಯಾವ ಮುಖ ಇಟ್ಟುಕೊಂಡು ಹೋಗುವುದು? ಬೇರೆ ದಿನಗಳಲ್ಲೂ ಅವಳನ್ನು ಯಾರೂ ಕರೆಯುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಇಡೀ ಬೀದಿಯನ್ನು ಕರೆಯುವವಳನ್ನು ಕರೆಯುವುದು ಯಾರು? ಹೇಗೂ ಬರುತ್ತಾಳೆ, ಹಿತ್ತಲ ಬಾಗಿಲಲ್ಲಿ ಕೂತು ಉಂಡು ಹೋಗುತ್ತಾಳೆ ಅನ್ನುವುದು ರೂಢಿ. ಮೂವತ್ತು ವರ್ಷದಲ್ಲಿ ಅವಳ ಹೊಸ್ತಿಲಿಗೆ ಒಂದು ಕರೆ ಬಂದಿರಲಿಲ್ಲ. ತಹಸೀನ್ ಸ್ಟೋವ್ ಹಚ್ಚಿ ಅನ್ನಕ್ಕೆ ಎಸರಿಟ್ಟಳು.

ಬಾಗಿಲು ತಟ್ಟಿದ ಸದ್ದಾಯಿತು.

ಜೈತೂನ್ ಬೀ. ಹಸಿರು ಸೀರೆ ಉಟ್ಟಿದ್ದಳು. ಊದಿದ ಕಾಲಲ್ಲಿ ಅಷ್ಟು ದೂರ ನಡೆದು ಬಂದು ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದಳು. ರಹಿಮಾ ಬೀ ದಡಬಡಿಸಿ ಎದ್ದು ಮಣೆ ಎಳೆದಿಟ್ಟಳು.

"ಕೂರೋಕೆ ಬಂದಿಲ್ಲ" ಅಂದಳು ಜೈತೂನ್ ಬೀ. "ಇಸ್ಮಾಯಿಲ್ ನಿನ್ನ ಕೂಡ ಇನ್ನೂ ಮಾತಾಡಲ್ಲ. ನಾನೂ ಪೂರಾ ಮಾಫ್ ಮಾಡಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಒಂದು ಮನೆ ಬಿಟ್ರೆ ಏನಾಗುತ್ತೆ ಅಂತ ನಂಗೊತ್ತು."

ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಬಾಯ್ತುಂಬ ಕರೆದಳು.

"ನನ್ನ ತಮ್ಮನ ಮನೇಲಿ ದುಆ. ಮನೆ ಮಂದಿಯೆಲ್ಲ ಬರಬೇಕು, ಒಲೆ ಹಚ್ಚಬಾರದು."

ರಹಿಮಾ ಬೀಗೆ ತಲೆ ಎತ್ತಲಾಗಲಿಲ್ಲ. ನೆಲ ನೋಡಿಕೊಂಡೇ ಒಳಗೆ ತಿರುಗಿ ಮಗಳಿಗೆ ಹೇಳಿದಳು, "ತಹಸೀನ್, ಸ್ಟೋವ್ ಆರ್ಸು."